ಏರಿನಲ್ಲಿ ಚಕ್ರ ಜಾರದಂತೆ

ವಿಟ್ಲದ ಕಡೆ ನಂಟರ ಮನೆಗೆ ಹೋಗಿ ಬಂದ ಓದುಗರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯೂ ಅಡಿಕೆತೋಟವೂ ತಗ್ಗಿನಲ್ಲಿ, ರಸ್ತೆ ಗುಡ್ಡದ ನೆತ್ತಿಯಲ್ಲಿ. ನಡುವೆ ಮುರಕಲ್ಲನ್ನು ಕಡಿದು ಮಾಡಿದ ಏರುದಾರಿ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ ಇದು. ಆಟಿ ತಿಂಗಳು ಬಂದಿತೆಂದರೆ ಆ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ. ಕಾಯಿಲೆಯವರನ್ನು ಕರೆದೊಯ್ಯುವ ಜೀಪಾಗಲಿ, ಗೊಬ್ಬರ ತಂದ ಟ್ರ್ಯಾಕ್ಟರಾಗಲಿ, ಅರ್ಧ ಏರಿನಲ್ಲಿ ನಿಂತು ಚಕ್ರವನ್ನು ಗರಗರನೆ ತಿರುಗಿಸುತ್ತದೆ. ಗಾಡಿ ಮಾತ್ರ ಒಂದು ಗೇಣೂ ಮುಂದೆ ಸರಿಯದು.

ಎಂಜಿನು ಬರುವುದಕ್ಕೆ ಮೊದಲು ಈ ತೊಂದರೆ ಇರಲಿಲ್ಲವೆ? ಇತ್ತು, ಆದರೆ ಚಕ್ರದ್ದಲ್ಲ. ಎತ್ತಿನ ಗಾಡಿಯ ಚಕ್ರ ಸುಮ್ಮನೆ ಉರುಳುತ್ತದೆಯೇ ಹೊರತು ನೆಲವನ್ನು ಒದ್ದು ತಳ್ಳುವುದಿಲ್ಲ. ಒದೆಯುವುದು ಎತ್ತಿನ ಗೊರಸು. ಆದುದರಿಂದ ಲಾಳ ಹೊಡೆಯುವುದು ಎತ್ತಿನ ಕಾಲಿಗೆ. ಮೋಟಾರು ಬಂದ ಮೇಲೆ ಗೊರಸಿನ ಕೆಲಸವೂ ಚಕ್ರದ ಪಾಲಿಗೆ ಬಂದಿತು. ನುಣುಪಾದ ರಬ್ಬರಿನ ಚಕ್ರಕ್ಕೆ ಲಾಳ ಎಲ್ಲಿಂದ ಹೊಡೆಯಬೇಕು?

ಇದಕ್ಕೊಂದು ಉತ್ತರ ಹಿಮ ಬೀಳುವ ನಾಡಿನಿಂದ ಬಂದಿತು. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಹ್ಯಾರಿ ವೀಡ್ ಎಂಬಾತ, ಕೆಸರಿನಲ್ಲಿ ಸಿಕ್ಕಿಬಿದ್ದ ಮೋಟಾರಿನವರು ಟಯರಿಗೆ ಹಗ್ಗವನ್ನೋ ಬಳ್ಳಿಯನ್ನೋ ಸುತ್ತಿಕೊಳ್ಳುವುದನ್ನು ಕಂಡು, ಹಗ್ಗದ ಬದಲು ಸರಪಳಿ ಆದೀತೆಂದು ಯೋಚಿಸಿ 1904ರಲ್ಲಿ ಪೇಟೆಂಟು ಪಡೆದನು. ಟಯರಿನ ಎರಡು ಮಗ್ಗುಲಿಗೆ ಎರಡು ಸರಪಳಿ, ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡ ಸರಪಳಿಗಳು. ಇಷ್ಟೇ ಅದರ ರಚನೆ. ನಮ್ಮ ಅಡಿಕೆ ಕೊಯ್ಯುವವರು ಕಾಲಿಗೆ ಹಗ್ಗದ ಬಳೆ ತೊಟ್ಟು ಮರ ಹತ್ತುವುದನ್ನು ಕಂಡವರಿಗೆ ಇದು ತೀರ ಹೊಸದೆನಿಸದು.

ಟ್ರ್ಯಾಕ್ಟರಿನ ಕತೆ ಸ್ವಲ್ಪ ಬೇರೆ. ಮೊದಲಿಗೆ ಅದರದು ಕಬ್ಬಿಣದ ಚಕ್ರ, ಸುತ್ತಲೂ ಕಬ್ಬಿಣದ ಹಲ್ಲು. ಹೊಲದಲ್ಲಿ ಚೆನ್ನಾಗಿ ಕಚ್ಚುತ್ತಿತ್ತು. ರಸ್ತೆಗೆ ಬಂದರೆ ರಸ್ತೆಯನ್ನೇ ಕಿತ್ತುಹಾಕುತ್ತಿತ್ತು. 1932ರಲ್ಲಿ ಅಮೆರಿಕದ ಆಲಿಸ್-ಚಾಮರ್ಸ್ ಕಂಪೆನಿ ಗಾಳಿ ತುಂಬಿದ ರಬ್ಬರು ಟಯರಿನ ಟ್ರ್ಯಾಕ್ಟರನ್ನು ಹೊರತಂದಿತು. ಆದರೆ ಮೆತ್ತನೆಯ ಟಯರು ಇಳಿಜಾರಿನಲ್ಲಿ ಜಾರಿತು. ಹಿಡಿತವೆಂಬುದು ಎರಡು ಸಂಗತಿಗಳ ಲೆಕ್ಕ: ಚಕ್ರದ ಮೇಲೆ ಎಷ್ಟು ಭಾರವಿದೆ, ನೆಲ ಎಷ್ಟು ಒರಟಾಗಿದೆ. ನೆಲವನ್ನು ಬದಲಿಸಲಾಗದಿದ್ದರೆ ಭಾರವನ್ನು ಹೆಚ್ಚಿಸಬೇಕು. ಅದಕ್ಕಾಗಿ ಶೀತದೇಶದ ರೈತರು ಹಿಂದಿನ ಟಯರಿನೊಳಗೆ ಗಾಳಿಯ ಜೊತೆಗೆ ನೀರನ್ನೂ ತುಂಬತೊಡಗಿದರು. ಅದು ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡನ್ನು ಕರಗಿಸಿದರು. ಮೇಲೆ ಸರಪಳಿ ಬಿಗಿದರು. ಕಡಿದಾದ ಗುಡ್ಡದಲ್ಲಿ ಹಿಮವನ್ನು ಮೇಲಿನಿಂದ ಕೆಳಕ್ಕೆ ತಳ್ಳಿದರೆ ಇಳಿಜಾರೇ ನೆರವಾಗುತ್ತದೆ ಎಂಬುದು ಅವರ ಅನುಭವದ ಮಾತು.

ನಮ್ಮ ಬೈಲುಗದ್ದೆಯ ಕೆಸರಿಗೆ ಈ ಮದ್ದು ನಾಟದು. ಅಲ್ಲಿ ಭಾರ ಹೆಚ್ಚಿದಷ್ಟೂ ಚಕ್ರ ಹೂತುಹೋಗುತ್ತದೆ. ಅಲ್ಲಿಗೆ ಬೇಕಾದುದು ಕಬ್ಬಿಣದ ಪಟ್ಟಿಗಳಿಂದ ಮಾಡಿದ ಅಗಲವಾದ, ಪಂಜರದಂಥ ಚಕ್ರ. ಭಾರ ಹರಡುತ್ತದೆ, ಪಟ್ಟಿಗಳು ಕೆಸರನ್ನು ಮೆಟ್ಟಿ ಮುಂದೆ ತಳ್ಳುತ್ತವೆ.

ಇನ್ನು ರೈಲು. ವಿಟ್ಲದವರಿಗೆ ಹತ್ತಿರದ ಕಬಕ-ಪುತ್ತೂರು ನಿಲ್ದಾಣದಲ್ಲಿ ಹಾಸನದ ಗಾಡಿಯನ್ನು ಹತ್ತಿದರೆ, ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರದವರೆಗೆ ಸುಮಾರು 55 ಕಿಲೋಮೀಟರು ಘಟ್ಟದ ಏರು. 1979ರಲ್ಲಿ ಪೂರ್ಣಗೊಂಡ ಮಾರ್ಗವಿದು. ಘಟ್ಟದಲ್ಲಿ 57 ಸುರಂಗಗಳು. ಏರಿಕೆ ಐವತ್ತಕ್ಕೆ ಒಂದು. ಇಷ್ಟೇಯೆ ಎನ್ನಬೇಡಿ. 1000 ಟನ್ನಿನ ಗಾಡಿಯನ್ನು ಆ ಏರಿನಲ್ಲಿ ಹಿಂದಕ್ಕೆ ಉರುಳದಂತೆ ತಡೆಯುವುದಕ್ಕೇ 20 ಟನ್ನಿನಷ್ಟು ಎಳೆತ ಬೇಕು. ಉಕ್ಕಿನ ಹಳಿ, ಉಕ್ಕಿನ ಚಕ್ರ, ನಡುವೆ ಮಳೆಯ ನೀರು ಮತ್ತು ಕೊಳೆತ ಎಲೆ! ಎಂಜಿನಿನಲ್ಲಿ ಮರಳಿನ ಪೆಟ್ಟಿಗೆ ಇರುವುದು ಇದಕ್ಕಾಗಿಯೇ. ಚಕ್ರ ಜಾರತೊಡಗಿದಾಗ ಗಾಳಿಯ ಒತ್ತಡದಿಂದ ಒಣ ಮರಳನ್ನು ಹಳಿಯ ಮೇಲೆ ಊದುತ್ತಾರೆ. ಭಾರದ ಗಾಡಿಗಳಿಗೆ ಹಿಂದಿನಿಂದ ದೂಡಲು ಬೇರೆ ಎಂಜಿನುಗಳನ್ನೂ ಜೋಡಿಸುತ್ತಾರೆ. ಮರಳಿನಂಥ ಸಾಮಾನ್ಯ ವಸ್ತುವಿಗೆ ಇಷ್ಟು ಗೌರವ ಬೇರೆಲ್ಲೂ ಸಿಕ್ಕಿರಲಾರದು.

ಈ ಚರಿತ್ರೆಯ ವಿಚಿತ್ರವಾದ ಅಧ್ಯಾಯ ಬಂಟ್ವಾಳ ತಾಲೂಕಿನಲ್ಲೇ ನಡೆಯಿತು. ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಮೋಟಾರು ಯಂತ್ರವೊಂದನ್ನು ಮಾಡಿದರು. 2019ರಲ್ಲಿ ಅದು ದೇಶದಲ್ಲೆಲ್ಲ ಸುದ್ದಿಯಾಯಿತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬೇಕಾದುದು ಮಳೆಗಾಲದಲ್ಲಿ. ಮರ ಜಾರುವುದೂ ಆಗಲೇ. ಬಿದ್ದು ಸೊಂಟ ಮುರಿದುಕೊಂಡವರ ಕತೆ ಇಲ್ಲದ ಊರು ಈ ಕಡೆ ಕಡಿಮೆ. ಹತ್ತುವವರು ಸಿಗದೆ ಫಸಲು ಕೊಳೆತುಹೋದ ತೋಟಗಳೂ ಉಂಟು. ನೆಟ್ಟಗೆ ನಿಂತ ಮರದಲ್ಲಿ ಭಾರ ಕಾಂಡವನ್ನು ತಾನಾಗಿ ಒತ್ತುವುದಿಲ್ಲ. ಚಕ್ರಗಳೇ ಕಾಂಡವನ್ನು ಇಕ್ಕಡೆಯಿಂದ ಅಪ್ಪಿ ಹಿಡಿಯಬೇಕು. ಅದು ಹಾಗೆಯೇ ಹಿಡಿದು, ಆಳನ್ನು ಕೂರಿಸಿಕೊಂಡು, ಸುಮಾರು ಅರ್ಧ ನಿಮಿಷದಲ್ಲಿ ಮೇಲೇರುತ್ತದೆ, ಇಳಿಯುವಾಗ ಬ್ರೇಕಿದೆ. ಒಂದು ಲೀಟರು ಪೆಟ್ರೋಲಿಗೆ ಸುಮಾರು 80 ಮರ. ಯಂತ್ರದ ತೂಕ 28 ಕಿಲೋ. ಅದನ್ನು ಹೊತ್ತುಕೊಂಡು ಪಾಚಿ ಕಟ್ಟಿದ ಏರುದಾರಿಯಲ್ಲಿ ಒಂದು ತೋಟದಿಂದ ಇನ್ನೊಂದಕ್ಕೆ ನಡೆಯುವ ಕೆಲಸ ಮಾತ್ರ ಈಗಲೂ ಮನುಷ್ಯನ ಕಾಲಿನದೇ.