ರನ್ಮಾ ½: ತಣ್ಣೀರಿಗೆ ಹುಡುಗಿ, ಬಿಸಿನೀರಿಗೆ ಹುಡುಗ

ಮೈಮೇಲೆ ತಣ್ಣೀರು ಬಿದ್ದ ಕೂಡಲೇ ಹುಡುಗಿಯಾಗುವ, ಬಿಸಿನೀರು ಹೊಯ್ದರೆ ಮತ್ತೆ ಹುಡುಗನಾಗುವ ಹದಿನಾರರ ಪೈಲ್ವಾನನೊಬ್ಬನ ಕಥೆ ‘ರನ್ಮಾ ½’. ಜಪಾನಿನ ರುಮಿಕೊ ತಕಹಾಶಿ ಇದನ್ನು 1987ರಿಂದ 1996ರವರೆಗೆ ‘ಶೋನೆನ್ ಸಂಡೇ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದು ಚಿತ್ರಿಸಿದರು. 38 ಸಂಪುಟಗಳಿಗೆ ಬೆಳೆದ ಈ ಮಂಗಾ 1989ರಲ್ಲಿ ಅನಿಮೆಯಾಗಿ ಟಿವಿಗೆ ಬಂತು. 2024ರಲ್ಲಿ ಅದೇ ಕಥೆಯನ್ನು ಮತ್ತೆ ಮೊದಲಿನಿಂದ ಹೊಸದಾಗಿ ತಯಾರಿಸಲಾಯಿತು.

ಹೆಸರಿನ ಕೊನೆಯ ½ ಚಿಹ್ನೆಯನ್ನು ಜಪಾನೀಯರು ‘ನಿಬುನ್ ನೊ ಇಚಿ’ ಎಂದು ಓದುತ್ತಾರೆ, ಅಂದರೆ ಅರ್ಧ. ‘ರನ್ಮಾ’ ಎಂದು ಬರೆಯುವ ಎರಡು ಅಕ್ಷರಗಳಲ್ಲಿ ಮೊದಲನೆಯದಕ್ಕೆ ಗೊಂದಲ, ಎರಡನೆಯದಕ್ಕೆ ಕುದುರೆ ಎಂಬ ಅರ್ಥವಿದೆ. ಲಂಗುಲಗಾಮಿಲ್ಲದೆ ಓಡುವ ಈ ಕಥೆಗೆ ಒಪ್ಪುವ ಹೆಸರೇ ಅದು.

ಶಾಪದ ಕೊಳಗಳು

ಚೀನಾದ ಚಿಂಗ್‌ಹಾಯ್ ಪ್ರಾಂತ್ಯದ ಬೆಟ್ಟಸಾಲಿನಲ್ಲಿ ‘ಜುಸೆಂಕ್ಯೊ’ ಎಂಬ ಸಾಧನೆಯ ತಾಣವಿದೆ ಎಂದು ತಕಹಾಶಿ ಕಲ್ಪಿಸುತ್ತಾರೆ. ಶಾಪಗ್ರಸ್ತ ಚಿಲುಮೆಗಳ ಊರು ಎಂಬುದು ಆ ಹೆಸರಿನ ಅರ್ಥ. ಅಲ್ಲಿ ನೂರಕ್ಕೂ ಹೆಚ್ಚು ಕೊಳಗಳಿವೆ. ಕೊಳಗಳ ನಡುವೆ ಬಿದಿರುಗಳಗಳನ್ನು ನೆಟ್ಟಿದ್ದಾರೆ. ಗಳದ ತುದಿಯಲ್ಲಿ ನಿಂತು ಸೆಣಸುವುದೇ ಅಲ್ಲಿನ ಅಭ್ಯಾಸ. ಒಂದೊಂದು ಕೊಳದಲ್ಲೂ ಹಿಂದೆಂದೋ ಯಾರೋ ಮುಳುಗಿ ಸತ್ತಿದ್ದಾರೆ. ಅದರಲ್ಲಿ ಬಿದ್ದವರು ಸತ್ತ ಆ ಜೀವಿಯ ರೂಪ ತಾಳುತ್ತಾರೆ.

ರನ್ಮಾ ಸಾವೊತೊಮೆ ಮತ್ತು ಅವನ ಅಪ್ಪ ಗೆನ್ಮಾ ಇದನ್ನೆಲ್ಲ ವಿಚಾರಿಸದೆ ಗಳ ಹತ್ತಿಬಿಡುತ್ತಾರೆ. ಮಗನ ಒದೆ ತಿಂದು ಅಪ್ಪ ಬಿದ್ದದ್ದು ಎರಡು ಸಾವಿರ ವರ್ಷಗಳ ಹಿಂದೆ ಪಾಂಡಾ ಮುಳುಗಿದ ಕೊಳಕ್ಕೆ. ಎದ್ದು ಬಂದ ಪಾಂಡಾವನ್ನು ಕಂಡು ಕಕ್ಕಾಬಿಕ್ಕಿಯಾದ ಮಗ ಬಿದ್ದದ್ದು ಸಾವಿರದೈನೂರು ವರ್ಷಗಳ ಹಿಂದೆ ಯುವತಿಯೊಬ್ಬಳು ಮುಳುಗಿದ ಕೊಳಕ್ಕೆ. ಜೊತೆಗಿದ್ದ ಮಾರ್ಗದರ್ಶಿ ಪ್ರತಿ ಕೊಳದ ದುರಂತವನ್ನೂ ಚೆನ್ನಾಗಿ ಬಲ್ಲ. ಆದರೆ ಜನ ಬಿದ್ದ ಮೇಲಷ್ಟೇ ಅದನ್ನು ಹೇಳುತ್ತಾನೆ.

ಮಹಾಭಾರತದ ಅನುಶಾಸನ ಪರ್ವದಲ್ಲಿ ಭಂಗಾಸ್ವನನೆಂಬ ರಾಜ ಸರೋವರದಲ್ಲಿ ಮಿಂದು ಹೆಣ್ಣಾಗುವ ಕಥೆಯನ್ನು ಬಲ್ಲವರಿಗೆ ಇಂಥ ಕೊಳ ತೀರ ಹೊಸದಲ್ಲ. ಆ ರಾಜ ಒಮ್ಮೆ ಹೆಣ್ಣಾದ ಮೇಲೆ ಹಾಗೆಯೇ ಉಳಿಯಲು ಬಯಸುತ್ತಾನೆ. ರನ್ಮಾನಿಗೆ ಅಂಥ ಆಯ್ಕೆಯೇ ಇಲ್ಲ; ಒಂದೇ ದಿನದಲ್ಲಿ ಎಷ್ಟು ಸಲ ಆಚೀಚೆ ಆಗುತ್ತಾನೋ ಲೆಕ್ಕವಿಲ್ಲ.

ಟೆಂಡೊ ಮನೆಯ ಗರಡಿ

ಕಥೆ ನಡೆಯುವುದು ಟೋಕಿಯೊದ ನೆರಿಮಾ ಪ್ರದೇಶದಲ್ಲಿ. ಅಲ್ಲಿನ ಗರಡಿಯ ಯಜಮಾನ ಸೋವುನ್ ಟೆಂಡೊ, ಗೆನ್ಮಾನ ಹಳೆಯ ಗೆಳೆಯ. ಕುಸ್ತಿಯ ಪರಂಪರೆ ಉಳಿಯಬೇಕೆಂದು ತಮ್ಮ ಮಕ್ಕಳಿಗೆ ಮದುವೆ ಮಾಡಿಸುವ ಮಾತನ್ನು ಈ ಇಬ್ಬರೂ ಯಾವತ್ತೋ ಆಡಿಕೊಂಡಿದ್ದಾರೆ. ಸೋವುನ್‌ಗೆ ಮೂವರು ಹೆಣ್ಣುಮಕ್ಕಳು: ಮನೆವಾರ್ತೆ ನೋಡಿಕೊಳ್ಳುವ ಶಾಂತ ಸ್ವಭಾವದ ಕಸುಮಿ, ಎಲ್ಲದರಲ್ಲೂ ದುಡ್ಡು ಗಿಟ್ಟಿಸುವ ನಬಿಕಿ, ಮೂಗಿನ ತುದಿಯಲ್ಲೇ ಕೋಪವಿರುವ ಕಿರಿಯವಳು ಅಕಾನೆ.

ವರನ ದಾರಿ ಕಾಯುತ್ತಿದ್ದ ಮನೆಗೆ ಮಳೆಯಲ್ಲಿ ತೊಯ್ದ ಹುಡುಗಿಯನ್ನು ಹೆಗಲಿಗೇರಿಸಿಕೊಂಡು ಪಾಂಡಾವೊಂದು ಬರುತ್ತದೆ. ಬಂದವಳು ಹುಡುಗಿಯೇ ಎಂದು ನಂಬಿದ ಅಕಾನೆ ಅವಳನ್ನು ಗೆಳತಿ ಮಾಡಿಕೊಂಡು ಗರಡಿಯಲ್ಲಿ ಕೈ ಮಿಲಾಯಿಸುತ್ತಾಳೆ. ಸ್ವಲ್ಪ ಹೊತ್ತಿಗೆ ಬಚ್ಚಲುಮನೆಯ ಬಿಸಿನೀರಿನಿಂದ ಏಳುವುದು ಗುರುತಿಲ್ಲದ ಹುಡುಗ! ಗುಟ್ಟು ರಟ್ಟಾಗುತ್ತದೆ. ಅಕ್ಕಂದಿರಿಬ್ಬರೂ ಆ ವರನನ್ನು ತಂಗಿಯ ಕಡೆಗೆ ತಳ್ಳುತ್ತಾರೆ. ಅಕಾನೆಗೆ ಹುಡುಗರನ್ನು ಕಂಡರೆ ಆಗುವುದಿಲ್ಲ, ಇವನು ಅರ್ಧದಷ್ಟೇ ಹುಡುಗ, ಜೋಡಿ ಸರಿಹೋಯಿತು ಎಂಬುದು ಅವರ ವಾದ.

ಅಕಾನೆಯ ಸಿಟ್ಟಿಗೂ ಕಾರಣವಿದೆ. ಅವಳನ್ನು ಸೋಲಿಸಿದವನಿಗೆ ಮಾತ್ರ ಅವಳ ಜೊತೆ ಓಡಾಡುವ ಹಕ್ಕು ಎಂದು ಫೂರಿನ್‌ಕಾನ್ ಶಾಲೆಯ ತತೆವಾಕಿ ಕುನೊ ಸಾರಿಬಿಟ್ಟಿದ್ದಾನೆ. ಹೀಗಾಗಿ ಪ್ರತಿದಿನ ಬೆಳಿಗ್ಗೆ ಹುಡುಗರ ದಂಡನ್ನೇ ಹೊಡೆದುರುಳಿಸಿ ಅವಳು ತರಗತಿಗೆ ಹೋಗಬೇಕು.

ನೀರಿನ ಕಟ್ಟಳೆ

ಈ ವಿಚಿತ್ರ ಕಲ್ಪನೆ ಇಷ್ಟು ದೀರ್ಘ ಕಾಲ ಬಾಳಿದ್ದಕ್ಕೆ ಮುಖ್ಯ ಕಾರಣ ಅದರ ಕಟ್ಟುನಿಟ್ಟು. ತಣ್ಣೀರು ಬಿದ್ದರೆ ಶಾಪದ ರೂಪ, ಬಿಸಿನೀರು ಬಿದ್ದರೆ ನಿಜರೂಪ. ಮಂತ್ರವಿಲ್ಲ, ಮುಹೂರ್ತವಿಲ್ಲ, ಮನಸ್ಸಿನ ಇಚ್ಛೆಗೆ ಬೆಲೆಯಿಲ್ಲ. ರೂಪ ಬದಲಾದರೂ ತೊಟ್ಟ ಬಟ್ಟೆ ಬದಲಾಗುವುದಿಲ್ಲ, ನೆನಪೂ ಸ್ವಭಾವವೂ ಬದಲಾಗುವುದಿಲ್ಲ. ಕೂದಲು ಮಾತ್ರ ಅನಿಮೆಯಲ್ಲಿ ಕಪ್ಪಿನಿಂದ ಕೆಂಪಿಗೆ ತಿರುಗಿ ನೋಡುಗರಿಗೆ ಗುರುತು ಕೊಡುತ್ತದೆ.

ನೀರು ಮನುಷ್ಯನಿಗೆ ತಪ್ಪಿದ್ದಲ್ಲ. ಮಳೆ, ಕಾಲುವೆ, ಈಜುಕೊಳ, ಹೂದಾನಿ, ಊಟದ ಮೇಜಿನ ಲೋಟ ಎಲ್ಲವೂ ಇಲ್ಲಿ ಅಪಾಯವೇ. ಬೇಸಿಗೆಯಲ್ಲಿ ಮನೆ ಮುಂದಿನ ಬೀದಿಗೆ ಸೌಟಿನಂಥ ಮರದ ಬಟ್ಟಲಿನಿಂದ ನೀರು ಚಿಮುಕಿಸುವುದು ಜಪಾನಿನ ಹಳೆಯ ರೂಢಿ. ಹಾಗೆ ನೀರು ಹಾಕುವ ಅಜ್ಜಿಯೊಬ್ಬಳು ಕಥೆಯುದ್ದಕ್ಕೂ ರನ್ಮಾನ ದಾರಿಗೆ ಅಡ್ಡ ಬರುತ್ತಾಳೆ. ಬಿಸಿನೀರು ಸಿಗುವುದಕ್ಕೂ ಅಲ್ಲಿನ ದಿನಚರಿಯೇ ಆಧಾರ: ಚಹಾದ ಕೆಟಲು, ಸಂಜೆಯ ಸ್ನಾನದ ತೊಟ್ಟಿ, ಬೀದಿಯ ಸಾರ್ವಜನಿಕ ಸ್ನಾನಗೃಹ. ಗೆನ್ಮಾನಿಗೆ ಪಾಂಡಾ ಆದಾಗ ಮಾತು ಬಾರದು. ಅವನು ಹಲಗೆಯ ಮೇಲೆ ಬರೆದು ತೋರಿಸುತ್ತಾನೆ. ಇಕ್ಕಟ್ಟಿನ ಪ್ರಶ್ನೆ ಬಂದಾಗ ಬೇಕೆಂದೇ ತಣ್ಣೀರು ಹೊಯ್ದುಕೊಂಡು ಪಾಂಡಾ ಆಗಿ ಟಯರಿನ ಜೊತೆ ಆಡುತ್ತ ಕೂರುತ್ತಾನೆ.

ಕಟ್ಟಳೆಗೆ ಅಪವಾದಗಳೂ ಕಥೆಯಲ್ಲಿ ಬರುತ್ತವೆ. ನೀರು ತಾಕದಂತೆ ಕಾಯುವ ಸಾಬೂನು ಒಮ್ಮೆ ಬರುತ್ತದೆ. ರೂಪವನ್ನು ಬೀಗ ಹಾಕಿದಂತೆ ನಿಲ್ಲಿಸಿಬಿಡುವ ಸೌಟೊಂದು ಇನ್ನೊಮ್ಮೆ ಬರುತ್ತದೆ. ಅವು ಬಂದಾಗಲೆಲ್ಲ ಮೂಲ ಕಟ್ಟಳೆ ಎಷ್ಟು ಗಟ್ಟಿ ಎಂಬುದೇ ಮನದಟ್ಟಾಗುತ್ತದೆ.

ಶಾಪ ಹೊತ್ತವರ ಸಂತೆ

ಜುಸೆಂಕ್ಯೊದ ನೀರಿಗೆ ಬಿದ್ದವರು ಇವರಿಬ್ಬರೇ ಅಲ್ಲ. ರನ್ಮಾನ ಎದುರಾಳಿ ರ್‍ಯೋಗಾ ತಣ್ಣೀರಿಗೆ ಪುಟ್ಟ ಕರಿ ಹಂದಿಮರಿಯಾಗುತ್ತಾನೆ. ಅವನು ಕೊಳಕ್ಕೆ ಬೀಳಲು ರನ್ಮಾನೇ ಕಾರಣ. ದಿಕ್ಕು ಎಂಬುದೇ ತಿಳಿಯದ ರ್‍ಯೋಗಾ ಪಕ್ಕದ ಬೀದಿಗೆ ಹೊರಟರೆ ಇನ್ನೊಂದು ಜಿಲ್ಲೆಯಲ್ಲಿರುತ್ತಾನೆ. ಅಕಾನೆಯ ಮೇಲೆ ಅವನಿಗೆ ಜೀವ. ಅವಳೋ ಆ ಹಂದಿಮರಿಗೆ ‘ಪಿ-ಚಾನ್’ ಎಂದು ಹೆಸರಿಟ್ಟು ಮುದ್ದಿನಿಂದ ಸಾಕುತ್ತಾಳೆ, ಅದು ಯಾರೆಂದು ಅರಿಯಳು. ತಪ್ಪಿನ ಹೊರೆ ಹೊತ್ತ ರನ್ಮಾ ಗುಟ್ಟು ಬಿಟ್ಟುಕೊಡಲಾರ.

ಚೀನಾದ ವೀರವನಿತೆಯರ ಹಳ್ಳಿಯಿಂದ ಬಂದ ಶಾಂಪೂ ಬೆಕ್ಕಾಗುತ್ತಾಳೆ. ಹೊರಗಿನ ಹೆಣ್ಣು ತನ್ನನ್ನು ಸೋಲಿಸಿದರೆ ಅವಳನ್ನು ಕೊಲ್ಲಬೇಕು, ಗಂಡು ಸೋಲಿಸಿದರೆ ಮದುವೆಯಾಗಬೇಕು ಎಂಬುದು ಅವಳ ಹಳ್ಳಿಯ ಕಾನೂನು. ಎರಡೂ ರೂಪದಲ್ಲಿ ಅವಳನ್ನು ಸೋಲಿಸಿದ ರನ್ಮಾ ಅದಕ್ಕೆ ಇಬ್ಬಗೆಯಲ್ಲಿ ಸಿಕ್ಕಿಬೀಳುತ್ತಾನೆ. ಸಾಲದ್ದಕ್ಕೆ ಅವನಿಗೆ ಬೆಕ್ಕೆಂದರೆ ಪ್ರಾಣಭಯ: ಚಿಕ್ಕಂದಿನಲ್ಲಿ ಅಪ್ಪ ಅವನ ಮೈಗೆ ತಿಂಡಿ ಕಟ್ಟಿ ಹಸಿದ ಬೆಕ್ಕುಗಳ ಗುಂಡಿಗೆ ತಳ್ಳಿದ್ದ, ‘ವಿದ್ಯೆ’ ಕಲಿಸಲೆಂದು. ಶಾಂಪೂವಿನ ಹಿಂದೆ ಬಿದ್ದಿರುವ ಮಸುಕುಗಣ್ಣಿನ ಮೂಸ್ ಬಾತುಕೋಳಿಯಾಗುತ್ತಾನೆ. ಎಲ್ಲಕ್ಕಿಂತ ವಿಚಿತ್ರ ಶಾಪ ತಾರೊ ಎಂಬವನದು. ಅವನು ಬಿದ್ದದ್ದು ಕೊಕ್ಕರೆ, ಹಾವುಮೀನುಗಳನ್ನು ಹಿಡಿದು ಎತ್ತಿನ ಮೇಲೆ ಸವಾರಿ ಹೊರಟ ಹಿಮಮಾನವ ಮುಳುಗಿದ ಕೊಳಕ್ಕೆ!

ಉಕ್ಯೊಗೆ ಶಾಪದ ನೆರವೂ ಬೇಕಿಲ್ಲ. ಒಕೊನೊಮಿಯಾಕಿ ಎಂಬ ತವಾ ತಿಂಡಿ ಮಾಡುವ ಈ ಹುಡುಗಿಯನ್ನು ಸೊಸೆ ಮಾಡಿಕೊಳ್ಳುತ್ತೇನೆಂದು ಹೇಳಿ, ಬಳುವಳಿಯಾಗಿ ಬಂದ ಅವಳಪ್ಪನ ಗಾಡಿಯನ್ನು ಮಾತ್ರ ಹೊಡೆದುಕೊಂಡು ಗೆನ್ಮಾ ಪರಾರಿಯಾಗಿದ್ದ. ಅಂದಿನಿಂದ ಅವಳು ಗಂಡುವೇಷದಲ್ಲೇ ಬೆಳೆದು, ಆಳೆತ್ತರದ ಮಗುಚುವ ಕೈಯನ್ನು ಆಯುಧ ಮಾಡಿಕೊಂಡು ಸೇಡಿಗೆ ಬರುತ್ತಾಳೆ.

ಬಾಯಿಗೆ ಬಾರದ ಪ್ರೀತಿ

ಮೇಲ್ನೋಟಕ್ಕೆ ರನ್ಮಾ–ಅಕಾನೆ ಜೋಡಿಗೆ ಶಾಪವೇ ಅಡ್ಡಿ ಎನಿಸುತ್ತದೆ. ಗಮನಿಸಿ ನೋಡಿದರೆ ಅಕಾನೆ ಆ ಶಾಪಕ್ಕೆ ತಲೆ ಕೆಡಿಸಿಕೊಂಡದ್ದು ಬಹಳ ಕಡಿಮೆ. ಉಳಿದವರು ಅವನ ಒಂದು ರೂಪಕ್ಕೆ ಮಾತ್ರ ಮರುಳಾದವರು. ಕುನೊ ಜಡೆಯ ಹುಡುಗಿಗೆ ಸೋತು ರನ್ಮಾನನ್ನು ದ್ವೇಷಿಸುತ್ತಾನೆ, ಇಬ್ಬರೂ ಒಬ್ಬರೇ ಎಂಬುದು ಅವನ ತಲೆಗೆ ಹೋಗುವುದೇ ಇಲ್ಲ. ಅಕಾನೆಗೆ ಮೊದಲ ದಿನದಿಂದಲೇ ಇಬ್ಬರೂ ಗೊತ್ತು, ಇಬ್ಬರೊಂದಿಗೂ ಜಗಳ ಒಂದೇ.

ಅಡ್ಡಿಯಾಗುವುದು ಅವರ ಬಾಯಿ. ಅವಳ ಅಡುಗೆಯನ್ನು, ರೂಪವನ್ನು ಹೀಯಾಳಿಸದೆ ರನ್ಮಾನಿಗೆ ಮಾತು ಬಾರದು. ಹೀಯಾಳಿಸಿದೊಡನೆ ಹೊಡೆಯದೆ ಅಕಾನೆಗೆ ಸಮಾಧಾನವಿಲ್ಲ. ರನ್ಮಾ–ರ್‍ಯೋಗಾ ಕಾಳಗದ ನಡುವೆ ಅಕಾನೆಯ ಉದ್ದ ಕೂದಲು ಕತ್ತರಿಸಿಹೋಗುವ ಪ್ರಸಂಗದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನೆರೆಹೊರೆಯ ವೈದ್ಯ ತೋಫು ಅವರ ಮೇಲಿನ ಮೌನ ಪ್ರೀತಿಯಿಂದ, ಅವರು ಮೆಚ್ಚಿದ ಅಕ್ಕ ಕಸುಮಿಯಂತೆ ಕಾಣಲು, ಅವಳು ಬೆಳೆಸಿದ ಕೂದಲು ಅದು. ಗಿಡ್ಡ ಕೂದಲೇ ನಿನಗೆ ಒಪ್ಪುತ್ತದೆ ಎಂದು ರನ್ಮಾ ಹೇಗೋ ಹೇಳಿಬಿಡುತ್ತಾನೆ. ಇಡೀ ಕಥೆಯಲ್ಲಿ ಅವನ ಬಾಯಿಂದ ನೇರವಾಗಿ ಬಂದ ಒಳ್ಳೆಯ ಮಾತುಗಳು ಬೆರಳೆಣಿಕೆಯಷ್ಟು. ಆದ್ದರಿಂದಲೇ ಓದುಗರು ಅವನ್ನು ಮರೆಯುವುದಿಲ್ಲ.

ನಗೆಯ ಅಡಿಯಲ್ಲಿ ನೋವಿನ ಎಳೆಯೂ ಉಂಟು. ಮಗನನ್ನು ಗಂಡಸರಲ್ಲಿ ಗಂಡಸಾಗಿ ಬೆಳೆಸದಿದ್ದರೆ ಅಪ್ಪ–ಮಗ ಇಬ್ಬರೂ ಹೊಟ್ಟೆ ಬಗೆದುಕೊಂಡು ಸಾಯಬೇಕೆಂದು ಗೆನ್ಮಾ ಹೆಂಡತಿಗೆ ಕರಾರು ಬರೆದುಕೊಟ್ಟಿದ್ದಾನೆ. ಹಾಗಾಗಿ ಎಷ್ಟೋ ವರ್ಷಗಳ ಮೇಲೆ ಮಗನನ್ನು ಹುಡುಕಿಕೊಂಡು ಬಂದ ತಾಯಿ ನೊದೊಕಾಳ ಎದುರು ರನ್ಮಾ ‘ರಾಂಕೊ’ ಎಂಬ ಪರಕೀಯ ಹುಡುಗಿಯಾಗಿ ನಿಲ್ಲಬೇಕಾಗುತ್ತದೆ.

ಕಥೆಗಾರ್ತಿ

ರುಮಿಕೊ ತಕಹಾಶಿ ಹುಟ್ಟಿದ್ದು 1957ರಲ್ಲಿ, ನಿಗಾತಾದಲ್ಲಿ. ಕಾಲೇಜು ದಿನಗಳಲ್ಲಿ ಕಜುವೊ ಕೊಯಿಕೆ ನಡೆಸುತ್ತಿದ್ದ ಮಂಗಾ ಶಾಲೆಯಲ್ಲಿ ಕಲಿತು 1978ರಲ್ಲಿ ವೃತ್ತಿಗಿಳಿದರು. ಅದೇ ವರ್ಷ ಆರಂಭವಾದ ‘ಉರುಸೆಯಿ ಯತ್ಸುರಾ’ದಲ್ಲಿ ಅನ್ಯಗ್ರಹದ ಹುಡುಗಿಯೊಬ್ಬಳು ಭೂಮಿಯ ಪೋಲಿ ಹುಡುಗನಿಗೆ ಗಂಟುಬೀಳುತ್ತಾಳೆ. 1980ರಲ್ಲಿ ಶುರುವಾದ ‘ಮೈಸೋನ್ ಇಕ್ಕೊಕು’ವಿನಲ್ಲಿ ಅಲೌಕಿಕವಾದದ್ದು ಏನೂ ಇಲ್ಲ: ಬಾಡಿಗೆ ಕೋಣೆಗಳ ಹಳೆಯ ಕಟ್ಟಡ, ಅದನ್ನು ನೋಡಿಕೊಳ್ಳುವ ಯುವ ವಿಧವೆ, ಅವಳನ್ನು ಪ್ರೀತಿಸುವ ಬಡ ವಿದ್ಯಾರ್ಥಿ. ಇವೆರಡೂ 1987ರಲ್ಲಿ ಮುಗಿದವು. ಮೊದಲನೆಯದರ ಹುಚ್ಚಾಟ, ಎರಡನೆಯದರ ಸಂಕೋಚದ ಪ್ರೀತಿ ಎರಡೂ ಅದೇ ವರ್ಷ ಶುರುವಾದ ‘ರನ್ಮಾ’ದಲ್ಲಿ ಕೂಡಿಕೊಂಡವು. ಮುಂದೆ ‘ಇನುಯಾಶಾ’ ಬಂತು. 2018ರಲ್ಲಿ ಐಸ್ನರ್ ಗೌರವ ಪಟ್ಟಿಗೆ ಸೇರಿದ ತಕಹಾಶಿ, 2019ರಲ್ಲಿ ಫ್ರಾನ್ಸಿನ ಅಂಗುಲೇಮ್ ಚಿತ್ರಕಥಾ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದರು.

ತೆರೆಯ ಮೇಲೆ ಎರಡು ಸಲ

ಸ್ಟುಡಿಯೊ ದೀನ್ ತಯಾರಿಸಿದ ಮೊದಲ ಸರಣಿ 1989ರ ಏಪ್ರಿಲ್ 15ರಂದು ಫ್ಯೂಜಿ ಟಿವಿಯಲ್ಲಿ ಶುರುವಾಯಿತು. ಶನಿವಾರದ ಆ ಹೊತ್ತಿನಲ್ಲಿ ಸಾಕಷ್ಟು ನೋಡುಗರು ಸಿಗದೆ 18 ಕಂತಿಗೇ ನಿಂತಿತು. ಅಕ್ಟೋಬರ್‌ನಲ್ಲಿ ‘ನೆತ್ತೋಹೆನ್’ ಎಂಬ ಉಪಶೀರ್ಷಿಕೆಯೊಂದಿಗೆ ಶುಕ್ರವಾರಕ್ಕೆ ಸರಿದು 1992ರ ಸೆಪ್ಟೆಂಬರ್‌ವರೆಗೆ 143 ಕಂತು ಓಡಿತು. ಒಟ್ಟು 161 ಕಂತುಗಳ ಜೊತೆಗೆ ಚಲನಚಿತ್ರಗಳೂ ವಿಡಿಯೊ ಕಂತುಗಳೂ ಬಂದವು.

ಒಂದು ಪಾತ್ರಕ್ಕೆ ಎರಡು ದನಿ ಬೇಕಾದದ್ದು ಇದರ ವಿಶೇಷ. ಹುಡುಗ ರನ್ಮಾನಿಗೆ ಕಪ್ಪೆಯಿ ಯಮಗುಚಿ, ಹುಡುಗಿ ರನ್ಮಾನಿಗೆ ಮೆಗುಮಿ ಹಯಾಶಿಬಾರಾ, ಅಕಾನೆಗೆ ನೊರಿಕೊ ಹಿದಾಕಾ ದನಿ ಕೊಟ್ಟರು. 2024ರ ಅಕ್ಟೋಬರ್ 5ರಂದು ಮಾಪ್ಪಾ ಸಂಸ್ಥೆಯ ಹೊಸ ಸರಣಿ ಆರಂಭವಾದಾಗ ಮೂವತ್ತೈದು ವರ್ಷ ಕಳೆದಿತ್ತು. ಅದೇ ಮೂವರು ಅದೇ ಪಾತ್ರಗಳಿಗೆ ಮರಳಿದರು. ‘ಒನ್ ಪೀಸ್’ನ ಮೊದಲ ವರ್ಷಗಳನ್ನು ನಿರ್ದೇಶಿಸಿದ್ದ ಕೊನೊಸುಕೆ ಉದಾ ಇದರ ನಿರ್ದೇಶಕರು. ನೆಟ್‌ಫ್ಲಿಕ್ಸ್ ಮೂಲಕ ಅದು ಭಾರತದ ಮನೆಗಳಿಗೂ ತಲುಪಿತು.

ತಕರಾರುಗಳು

ಕಾಲ ಬದಲಾದಂತೆ ಕೆಲವು ಹಾಸ್ಯ ಹಳಸಿದೆ. ಹೆಂಗಸರ ಒಳಉಡುಪು ಕದಿಯುವ ಮುದುಕ ಹಪ್ಪೋಸಾಯ್ ಅಂದು ನಗೆಯ ಪಾತ್ರ. ಇಂದು ಅವನ ವರ್ತನೆ ಮುಜುಗರ ತರುತ್ತದೆ. ಚೀನೀ ಪಾತ್ರಗಳ ಮುರುಕು ಮಾತು, ಹಳೆಯ ಸರಣಿಯಲ್ಲಿ ಅಲ್ಲಲ್ಲಿ ಬರುವ ನಗ್ನತೆ ಕೂಡ ಆಕ್ಷೇಪಕ್ಕೆ ಒಳಗಾಗಿವೆ. ಇನ್ನೊಂದು ಕಡೆ, ಗಂಡು–ಹೆಣ್ಣೆಂಬ ಗೆರೆಯ ಬಗ್ಗೆ ತಮ್ಮೊಳಗೇ ಪ್ರಶ್ನೆಯಿದ್ದ ಅನೇಕ ಓದುಗರಿಗೆ ರನ್ಮಾ ಆಪ್ತನಾದ. ಹುಡುಗಿಯ ರೂಪವನ್ನು ಬೈದುಕೊಳ್ಳುವ ಅವನೇ, ಅಂಗಡಿಯಲ್ಲಿ ಕೂತು ನಾಚಿಕೆಯಿಲ್ಲದೆ ಐಸ್‌ಕ್ರೀಂ ತಿನ್ನಲು ಅದೇ ರೂಪವನ್ನು ಖುಷಿಯಿಂದ ತೊಡುತ್ತಾನೆ.

ಮುಗಿಯದ ಮುಗಿವು

1996ರಲ್ಲಿ ಮಂಗಾ ಕೊನೆಗೊಂಡಾಗ ರನ್ಮಾ–ಅಕಾನೆಯರ ಮದುವೆಗೆ ಗರಡಿ ಸಿಂಗಾರಗೊಂಡಿರುತ್ತದೆ. ಶಾಪ ಕಳೆಯುವ ಕೊಳದ ನೀರೂ ಪೀಪಾಯಿಯಲ್ಲಿ ಬಂದಿರುತ್ತದೆ. ಉಳಿದ ವಧುಗಳೂ ವರಗಳೂ ನುಗ್ಗಿ ಆ ಮದುವೆಯನ್ನು ರಣರಂಗ ಮಾಡುತ್ತಾರೆ, ನೀರು ಕೈತಪ್ಪುತ್ತದೆ, ಮದುವೆ ನಿಲ್ಲುತ್ತದೆ. ಮರುದಿನ ಇಬ್ಬರೂ ಎಂದಿನಂತೆ ಶಾಲೆಗೆ ಓಡುತ್ತಾರೆ. ಒಂಬತ್ತು ವರ್ಷ ಓದಿದವರಿಗೆ ಇದು ಮೋಸವೆನಿಸಬಹುದು. ಆದರೆ ಅಕಾನೆಗೆ ರನ್ಮಾ ಎಂದೂ ಅರ್ಧವಾಗಿ ಕಂಡವನಲ್ಲ. ಅವನನ್ನು ಒಪ್ಪಿಕೊಳ್ಳಲು ಅವಳಿಗೆ ಆ ಪೀಪಾಯಿಯ ನೀರು ಬೇಕಿರಲಿಲ್ಲ.