ಬೇಲಿಯ ಕಂಬಕ್ಕೆ ಬೇರು ಯಾವುದು?



ಕೌದಳ್ಳಿಯಿಂದ ಮಹದೇಶ್ವರ ಬೆಟ್ಟದತ್ತ ನಡೆದರೆ ಹೊಲದ ಮಗ್ಗುಲಿಗೇ ಕಾಡು. ರಾತ್ರಿ ಹಂದಿ ನುಗ್ಗಿತೋ, ಒಂದು ಪೈರಿನ ದುಡಿಮೆಯೆಲ್ಲ ಬೆಳಗಾಗುವುದರೊಳಗೆ ಮಣ್ಣುಪಾಲು. ಬೇಲಿ ಬೇಕೇ ಬೇಕು, ಅಲ್ಲವೇ?

ಈ ಕೊಳ್ಳೇಗಾಲದ ಸೀಮೆ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಿಂದಿನವರು ಕಳ್ಳಿ, ಕತ್ತಾಳೆ ನೆಟ್ಟು ಬೇಲಿ ಬೆಳೆಸುತ್ತಿದ್ದರು. ಕತ್ತಾಳೆಯೂ ಅಮೆರಿಕ ಖಂಡದಿಂದ ಬಂದದ್ದೇ. ಅಂಥ ಬೇಲಿಯನ್ನು ಅದರ ಬೇರೇ ಹಿಡಿದು ನಿಲ್ಲಿಸುತ್ತಿತ್ತು. 1874ರಲ್ಲಿ ಅಮೆರಿಕದ ಗ್ಲಿಡನ್ ಎಂಬ ರೈತ ಮುಳ್ಳುತಂತಿಗೆ ಪೇಟೆಂಟ್ ಪಡೆದ. ತಂತಿ ಬಂದ ಮೇಲೆ ಎಳೆತವೆಲ್ಲ ಕಂಬದ ಮೇಲೆ ಬಿತ್ತು. ಬೇರಿಲ್ಲದ ಕಂಬಕ್ಕೆ ಗುದ್ದಿದ ಮಣ್ಣೇ ಬೇರು!

ಆದ್ದರಿಂದ ಆರಡಿ ಕಲ್ಲಾದರೆ ಎರಡಡಿ ನೆಲದೊಳಗಿರಲಿ. ಗುಂಡಿ ಅಗಲವಾಗದಂತೆ ಹಾರೆಯಿಂದ ತೋಡಿ. ಮಣ್ಣನ್ನು ಒಮ್ಮೆಲೇ ಸುರಿಯಬೇಡಿ. ಅರ್ಧ ಅಡಿ ತುಂಬಿ, ಚೂರುಗಲ್ಲು ಸೇರಿಸಿ, ಗಟ್ಟಿಯಾಗಿ ಗುದ್ದಿ, ಆಮೇಲೆ ಮತ್ತೆ ತುಂಬಿ. ಬುಡದಲ್ಲಿ ನೀರು ನಿಲ್ಲದಂತೆ ಮಣ್ಣು ಏರಿಸಿ. ಮೂಲೆಯ ಕಂಬವನ್ನು ತಂತಿ ಎರಡು ಕಡೆಗೆ ಎಳೆಯುತ್ತದೆ. ಎಳೆಯುವ ಆ ಎರಡೂ ಕಡೆಯಿಂದ ಓರೆಗಲ್ಲು ಆನಿಸಿ ಕೊಡಿ.

ಆನೆ ಮನಸ್ಸು ಮಾಡಿದರೆ ಕಲ್ಲುಕಂಬವನ್ನೂ ಕೆಡವೀತು, ನಿಜ. ಹಾಗಂತ ಮನೆಯ ಕರೆಂಟನ್ನು ತಂತಿಗೆ ಕೊಡುವುದು ಮಾತ್ರ ಬೇಡವೇ ಬೇಡ. ಅದು ಅಪರಾಧ. ಆನೆಯೂ ಸಾಯುತ್ತದೆ, ಕತ್ತಲಲ್ಲಿ ನೀರು ಕಟ್ಟಲು ಹೋದ ಮನೆಮಗನೂ ಸಾಯುತ್ತಾನೆ. ಬಿಟ್ಟುಬಿಟ್ಟು ಬಡಿಯುವ ಸೌರಬೇಲಿಯ ಮಾತೇ ಬೇರೆ. ಅದಕ್ಕೂ ಅಲ್ಲಾಡದ ಕಂಬವೇ ಆಧಾರ.

ಈ ಸಲ ಮಳೆ ಬಿದ್ದ ಮೇಲೆ ನಿಮ್ಮ ಕಂಬಗಳನ್ನು ಒಮ್ಮೆ ಅಲ್ಲಾಡಿಸಿ ನೋಡುತ್ತೀರಲ್ಲ?