ಕೇಳಿ ಕಂಡ ಚಿತ್ರಗಳು

ಚಲಚ್ಚಿತ್ರವು ಇಂದು ಬೇಕೆಂದಾಗ ಮನೆಯಲ್ಲಿಯೇ ನೋಡಲು ದೊರೆಯುವ ವಸ್ತುವಾಗಿದೆ. ಐವತ್ತು ವರ್ಷಗಳ ಹಿಂದೆ ಅಮೆರಿಕದಂತಹ ಸಂಪನ್ನ ದೇಶದಲ್ಲಿಯೂ ಹಾಗಿರಲಿಲ್ಲ. ಚಿತ್ರವು ಊರನ್ನು ಬಿಟ್ಟಿತೆಂದರೆ ಅದನ್ನು ಮತ್ತೆ ಕಾಣುವ ಭಾಗ್ಯ ಎಂದಿಗೆ ಬಂದೀತೆಂದು ಹೇಳುವಂತಿರಲಿಲ್ಲ. ಕಣ್ಣಿಗೆ ದೂರವಾದುದನ್ನು ಕಿವಿಗಾದರೂ ಉಳಿಸಿಕೊಟ್ಟುದು ಗ್ರಾಮಫೋನಿನ ತಟ್ಟೆ. ಬಾಲ್ಯದಲ್ಲಿ ಅಂತಹ ತಟ್ಟೆಗಳನ್ನು ಕೇಳಿ ಬೆಳೆದವರು ತಲೆ ನರೆತ ಮೇಲೆಯೂ ಹಳೆಯ ಅಂಗಡಿಗಳಲ್ಲಿ ಅವನ್ನು ಅರಸುವುದೇಕೆಂಬುದು ಅವುಗಳ ಚರಿತ್ರೆಯಿಂದಲೇ ವಿಶದವಾಗುತ್ತದೆ.

ಈ ಚರಿತ್ರೆಯ ಮೊದಲ ಪುಟಗಳಲ್ಲಿಯೇ ಕನ್ನಡನಾಡಿನ ತರುಣನೊಬ್ಬನ ಹೆಸರು ಬರುತ್ತದೆ. 1938ರಲ್ಲಿ ಡಿಸ್ನಿಯ 'ಸ್ನೋ ವೈಟ್' ಚಿತ್ರದ ಹಾಡುಗಳು ತಟ್ಟೆಗಳಲ್ಲಿ ಹೊರಬಿದ್ದುವು. ಆದರೆ ಹಾಡಲ್ಲದ ಹಿನ್ನೆಲೆಯ ವಾದ್ಯಸಂಗೀತವೂ ಮನೆಗೆ ಕೊಂಡೊಯ್ಯತಕ್ಕದ್ದೆಂಬುದನ್ನು ತೋರಿಸಿದುದು 1942ರ 'ಜಂಗಲ್ ಬುಕ್'. ಅದರ ಸಂಗೀತವನ್ನು ರಚಿಸಿದವನು ಮಿಕ್ಲೋಶ್ ರೋಜಾ. ತಟ್ಟೆಯಲ್ಲಿ ಕಥೆಯನ್ನು ಹೇಳಿದವನು ಚಿತ್ರದಲ್ಲಿ ಮೌಗ್ಲಿಯ ಪಾತ್ರವನ್ನು ವಹಿಸಿದ್ದ, ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ ಸಾಬು. ಆಗಿನ ತಟ್ಟೆಗಳಿಗೆ ಬೇಕಾದ ಅರಗು ಸಹ ಬಹುಮಟ್ಟಿಗೆ ಭರತಖಂಡದ ಕಾಡುಗಳಿಂದಲೇ ಹೋಗುತ್ತಿದ್ದಿತು.

ಅರಗಿನ ತಟ್ಟೆಯು ನಿಮಿಷಕ್ಕೆ 78 ಸುತ್ತು ತಿರುಗಿ, ಒಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷ ನುಡಿದು ನಿಲ್ಲುತ್ತಿದ್ದಿತು. ಕೈಜಾರಿದರೆ ಒಡೆದು ಚೂರಾಗುತ್ತಿದ್ದಿತು. 1948ರಲ್ಲಿ ಕೊಲಂಬಿಯಾ ಕಂಪನಿಯವರು ಹೊರತಂದ ವಿನೈಲಿನ ತಟ್ಟೆಯು ಒಂದೊಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕು ನುಡಿಯುವಂತಾಯಿತು. ಒಂದು ಚಿತ್ರದ ಸಂಗೀತದ ಸಾರವೆಲ್ಲ ಒಂದೇ ತಟ್ಟೆಯಲ್ಲಿ ಅಡಗತೊಡಗಿತು.

ಆದರೂ ಎಲ್ಲ ಚಿತ್ರಗಳಿಗೂ ಈ ಯೋಗವಿರಲಿಲ್ಲ. 1956ರಲ್ಲಿ ಬಂದ 'ಫರ್ಬಿಡನ್ ಪ್ಲಾನೆಟ್' ಎಂಬ ವೈಜ್ಞಾನಿಕ ಕಲ್ಪನೆಯ ಚಿತ್ರದಲ್ಲಿ ವಾದ್ಯವೃಂದವೇ ಇಲ್ಲ. ಲೂಯಿ ಮತ್ತು ಬೀಬಿ ಬ್ಯಾರನ್ ದಂಪತಿಗಳು ವಿದ್ಯುನ್ಮಂಡಲಗಳನ್ನು ಕಟ್ಟಿ, ಅವು ಸುಟ್ಟುಹೋಗುವ ತನಕ ಕೂಗಿಸಿ, ಆ ಕೂಗನ್ನು ಟೇಪಿನಲ್ಲಿ ಹಿಡಿದರು. ಸುಟ್ಟ ಮಂಡಲದಿಂದ ಅದೇ ಧ್ವನಿಯನ್ನು ಮರಳಿ ಪಡೆಯುವಂತಿರಲಿಲ್ಲ. ಚಿತ್ರದ ಆದಿಯಲ್ಲಿ ಅದನ್ನು 'ಸಂಗೀತ'ವೆಂದು ಸಹ ಕರೆಯದೆ, 'ಎಲೆಕ್ಟ್ರಾನಿಕ್ ಟೊನ್ಯಾಲಿಟೀಸ್' ಎಂದು ನಮೂದಿಸಿದರು. ಅದರ ತಟ್ಟೆಯು ಹೊರಬಂದುದು 1976ರಲ್ಲಿ. ಹತ್ತರ ಪ್ರಾಯದಲ್ಲಿ ಕತ್ತಲ ಮಂದಿರದಲ್ಲಿ ಕುಳಿತು ನಡುಗಿದ ಬಾಲಕನು ಆ ಧ್ವನಿಯನ್ನು ಮನೆಗೆ ತರಲು ಮೂವತ್ತರವರೆಗೆ ಕಾಯಬೇಕಾಯಿತು.

ಮರುವರ್ಷವೇ ಕಾಲವು ತಿರುಗಿತು. 1977ರಲ್ಲಿ 'ಸ್ಟಾರ್ ವಾರ್ಸ್' ಬಂದೊಡನೆ, ಜಾನ್ ವಿಲಿಯಮ್ಸರು ರಚಿಸಿ ಲಂಡನ್ ಸಿಂಫನಿ ವಾದ್ಯವೃಂದವು ನುಡಿಸಿದ ಸಂಗೀತವು ಜೋಡಿ ತಟ್ಟೆಗಳಲ್ಲಿ ಮನೆಮನೆಯನ್ನು ಹೊಕ್ಕಿತು. ಅದೇ ವರ್ಷ 'ದಿ ಸ್ಟೋರಿ ಆಫ್ ಸ್ಟಾರ್ ವಾರ್ಸ್' ಎಂಬ ತಟ್ಟೆಯಲ್ಲಿ ಚಿತ್ರದ ಸಂಭಾಷಣೆಯನ್ನೂ ಸದ್ದುಗಳನ್ನೂ ಹೆಣೆದು, ರಾಸ್ಕೊ ಲೀ ಬ್ರೌನ್ ಎಂಬ ನಟನಿಂದ ನಿರೂಪಣೆ ಮಾಡಿಸಿದರು. 1979ರಲ್ಲಿ ಎಳೆಯರಿಗಾಗಿ ಪುಸ್ತಕದೊಡನೆ ಸಣ್ಣ ತಟ್ಟೆಯೂ ಬಂದಿತು. ಆರ್‌ಟೂ-ಡೀಟೂ ಎಂಬ ಯಂತ್ರಭೃತ್ಯನ ಸಿಳ್ಳು ಕೇಳಿದಾಗ ಮಗುವು ಹಾಳೆಯನ್ನು ತಿರುವಬೇಕು. ಹೊದಿಕೆಯ ಮೇಲಣ ಚಿತ್ರವನ್ನು ನೋಡುತ್ತ ಸಾವಿರ ಸಲ ಕೇಳಿದ ಬಾಲಕನ ಮನಸ್ಸಿನಲ್ಲಿ, ತೆರೆಯ ಮೇಲೆ ಇಲ್ಲದ ಆಕಾಶಗಳೂ ನೌಕೆಗಳೂ ಮೂಡುತ್ತಿದ್ದುವು.

1982ರಲ್ಲಿ ಅದೇ ಚಿತ್ರವು ವೀಡಿಯೋ ಕ್ಯಾಸೆಟ್ಟಿನಲ್ಲಿ ಬಂದಿತು. ಕಾಣುವುದೇ ಸಾಧ್ಯವಾದ ಮೇಲೆ ಕೇಳಿ ಕಲ್ಪಿಸಿಕೊಳ್ಳುವ ಅಗತ್ಯವು ಕಳೆಯಿತು. ಕಥೆ ಹೇಳುವ ತಟ್ಟೆಗಳು ಅಟ್ಟವನ್ನು ಸೇರಿದುವು.

ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು 'ಸ್ಟಾರ್ ವಾರ್ಸ್' ಸಂಗೀತವನ್ನು 2004ರ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಯಲ್ಲಿ ಸೇರಿಸಿತು. 2022ರಲ್ಲಿ ಆ ದೇಶದಲ್ಲಿ ಮಾರಾಟವಾದ ವಿನೈಲ್ ತಟ್ಟೆಗಳ ಸಂಖ್ಯೆಯು 1987ರಿಂದೀಚೆಗೆ ಮೊದಲ ಬಾರಿಗೆ ಸಿ.ಡಿ.ಗಳದನ್ನು ಮೀರಿತು. ಆದರೆ ಹಳೆಯ ಸಂಗ್ರಾಹಕರ ಕಷ್ಟವೇ ಬೇರೆ. ಗೆರೆಯಿಲ್ಲದೆ ಉಳಿದ ತಟ್ಟೆಯೆಂದರೆ ಯಾವ ಮಗುವೂ ಹೆಚ್ಚಾಗಿ ಕೇಳದ ತಟ್ಟೆ. ಅಕ್ಕರೆಯಿಂದ ಕೇಳಿದುವೆಲ್ಲ ಮುಳ್ಳಿನ ಮೊನೆಗೆ ಸವೆದುಹೋದುವು. ಹಣ ತೆತ್ತು ಹೊಸತರಂತಿರುವುದನ್ನು ತಂದವನು ಅದನ್ನು ತಿರುಗಲು ಬಿಟ್ಟು ಕಿವಿಗೊಡುತ್ತಾನೆ. ತನ್ನ ಹಳೆಯ ತಟ್ಟೆಯು ಯಾವ ಎಡೆಯಲ್ಲಿ ಚಿಟಿಕೆಯಂತೆ ಸದ್ದುಮಾಡುತ್ತಿದ್ದಿತೋ ಆ ಎಡೆಯು ಬಂದಾಗ, ಆ ಸದ್ದಿಗಾಗಿ ಕಾಯುತ್ತಾನೆ.